ಎವೆಯಷ್ಟು ಹಿಂದೆ

ಗುರುವಾರ ರಾತ್ರಿ ಒಂಬತ್ತಕ್ಕೆ
ಕೆಯೋನ್ ಬಂದರಿನ ಮೀನು ಕಾರ್ಖಾನೆಯ ಕಾವಲು ಕೋಣೆಯಲ್ಲಿ
ಹೀಟರಿನ ಪಕ್ಕ ಫೋನು ಒರಗಿಸಿ ಕೂರುತ್ತೇನೆ,
ಸಕ್ಕರೆ ಡಬ್ಬಿಯೇ ಅದಕ್ಕೆ ಬೆನ್ನು.
ತೊಡೆಗಳ ನಡುವೆ ಬೊಂಬೊ:
ಮಾವನ ಕುರಿಯ ಚರ್ಮ, ನನ್ನದೇ ಹೊಲಿಗೆ.
ಥಂಡಿಗೆ ಸಡಿಲಿ, ಬಿಸಿಗೆ ಬಿಗಿದು
ರೇಡಿಯೋಗಿಂತ ಸರಿಯಾಗಿ ಹವಾಮಾನ ಹೇಳುತ್ತದೆ.

ಒಬ್ಬೊಬ್ಬರೇ ಬರುತ್ತಾರೆ.
ಮೊದಲು ಎರ್ಸಿಲಿಯಾಳ ಗದ್ದ, ಆಮೇಲೆ ಅವಳ ಅಕಾರ್ಡಿಯನ್,
ಹಿಂದಿನ ಗೋಡೆಗೆ ಶಾಲೆಯ ಅಡುಗೆಮನೆಯ ದೊಡ್ಡ ಸೌಟು.
ಪುಂತಾ ಅರೇನಸ್‌ನಿಂದ ನಸಾರಿಯೋ,
ವೆಲ್ಡಿಂಗಿಗೆ ಕೆಂಪಾದ ಕಣ್ಣು, ತಾನೇ ಕೆತ್ತಿದ ಪಿಟೀಲು.
ಗಡಿಯಾಚೆ ರಿಯೋ ಗಯೇಗೋಸ್‌ನಿಂದ ಎಲಿಸೆಯೋ,
ಗಿಟಾರಿಗಿಂತ ಅವನ ನಾಯಿಯೇ ಹೆಚ್ಚು ಕಾಣುತ್ತದೆ.
ಕೊಯ್ಹೈಕೆಯ ದೆಲ್ಫಿನಾ ಬರುವುದು ಕೊನೆಯ ಬಸ್ಸು ಬಿಟ್ಟ ಮೇಲೆ,
ಟಿಕೆಟ್ ಕೌಂಟರಿನ ಕೋಟು ಇನ್ನೂ ಮೈಮೇಲೆ.

ನಾವು ಯಾರೂ ಯಾರ ಕೈಯನ್ನೂ ಕುಲುಕಿಲ್ಲ.
ಆದರೆ ಎಲಿಸೆಯೋನ ಮಂಡಿನೋವು ಯಾವ ಕಾಲಿನದೆಂದು ಗೊತ್ತು,
ನಸಾರಿಯೋನ ಮಗಳು ಸೂಪಿಗೆ ಉಪ್ಪು ಮರೆಯುತ್ತಾಳೆಂದು ಗೊತ್ತು.

ಮೊದಲ ದಿನ ಐವರೂ ಒಟ್ಟಿಗೆ ಬಾರಿಸಿದೆವು.
ಅಯ್ಯೋ, ಮೆಟ್ಟಿಲಿಂದ ಉರುಳಿದ ಪಾತ್ರೆಗಳು!
ಒಬ್ಬರ ಸ್ವರ ಇನ್ನೊಬ್ಬರಿಗೆ ಮುಟ್ಟಲು
ಎವೆಯಷ್ಟು ತಡ,
ಆ ಎವೆಯಷ್ಟರಲ್ಲಿ ವಾಲ್ಟ್ಸ್ ಹಳ್ಳಕ್ಕೆ ಬೀಳುತ್ತಿತ್ತು.
ಎರ್ಸಿಲಿಯಾ ತೀರ್ಪು ಕೊಟ್ಟಳು:
ಕೇಳಿಸುವುದು ನಾನೊಬ್ಬಳು. ಉಳಿದವರು ಮ್ಯೂಟ್ ಒತ್ತಿ ಬಾರಿಸಿ.

ಹೀಗೆ ಮೂರು ವರ್ಷ.
ನಾವೊಂದು ತಂಡ, ಅದನ್ನು ಇಡಿಯಾಗಿ ಕೇಳಿದವರು
ಭೂಮಿಯ ಮೇಲೆ ಒಬ್ಬರೂ ಇಲ್ಲ.
ನನಗೆ ಅವಳೂ ನಾನೂ, ದೆಲ್ಫಿನಾಗೆ ಅವಳೂ ದೆಲ್ಫಿನಾಳೂ,
ಅವಳಿಗೋ, ಅವಳೊಬ್ಬಳೇ.
ಹೇಗೆ ತಡೆದುಕೊಳ್ಳುತ್ತಿದ್ದಳೋ, ನಾನು ಕೇಳಲಿಲ್ಲ.

ನಿಜ ಹೇಳಲಾ? ನನಗದು ಹಾಯೆನಿಸಿತ್ತು.
ಹಾಡುತ್ತ ಹಾಡುತ್ತ ರಾಗ ಎನ್ನುತ್ತಾರೆ;
ಬಾರಿಸುತ್ತ ಬಾರಿಸುತ್ತ ನನಗೆ ಬಂದದ್ದು ಭಂಡಧೈರ್ಯ.
ಮೂರನೆಯ ಪೆಟ್ಟು ಸದಾ ಮುಂದೋಡುತ್ತದೆ,
ಹಗಲೆಲ್ಲ ಕಟ್ಟಿಹಾಕಿದ ಕರುವಿನಂತೆ.
ನನ್ನ ತಪ್ಪುಗಳನ್ನು ಕೇಳಿದ್ದು ಹೀಟರು,
ಮತ್ತೆ ಕಿಟಕಿಯಾಚೆ ಸಾಲು ನಿಂತ ಐಸಿನ ಲಾರಿಗಳು.

ಆಗಸ್ಟಿನ ಆ ಗುರುವಾರ
ಗಾಳಿ ಕಂಬಗಳನ್ನು ಹಿಡಿದು ಅಲುಗಿಸುತ್ತಿತ್ತು.
ವಾಲ್ಟ್ಸಿನ ಎರಡನೆಯ ಸುತ್ತು,
ಎರ್ಸಿಲಿಯಾಳ ಬೆರಳು ಚಿತ್ರವಾಗಿ ನಿಂತಿತು.
ಸದ್ದಿಲ್ಲ.
ಆಮೇಲೆ ಅವಳ ಚೌಕವೂ ಇಲ್ಲ.

ನೋಡಿದೆ: ಯಾರೂ ನಿಲ್ಲಿಸಿರಲಿಲ್ಲ.
ನಸಾರಿಯೋನ ಕಮಾನು ಹೋಗುತ್ತ ಬರುತ್ತ,
ದೆಲ್ಫಿನಾಳ ಕೋಟಿನ ತೋಳು ಏಳುತ್ತ ಇಳಿಯುತ್ತ,
ಎಲಿಸೆಯೋ ಕಣ್ಣು ಮುಚ್ಚಿ, ನಾಯಿ ಕಣ್ಣು ತೆರೆದು.
ಮೂವರೂ ಮೂರು ಕಡೆಗೆ ಜಾರುತ್ತಿದ್ದರು,
ಹಗ್ಗ ಬಿಚ್ಚಿದ ದೋಣಿಗಳ ಹಾಗೆ, ಮೆಲ್ಲಗೆ.

ಯಾಕೆ ಒತ್ತಿದೆನೋ.
ಬೆರಳು ಗುಂಡಿಗೆ ಹೋಯಿತು, ನನ್ನ ಚೌಕಕ್ಕೆ ಬಾಯಿ ಬಂತು.
ಧಂ, ಟಕ, ಟಕ.
ಧಂ, ಟಕ, ಟಕ.
ರಾಗವಿಲ್ಲ, ಬರೀ ಎಣಿಕೆ,
ಮೂರನೆಯದು ಓಡುತ್ತಲೇ ಇತ್ತು.
ಮೊದಲು ದೆಲ್ಫಿನಾ ತಲೆಯೆತ್ತಿದಳು.
ಆಮೇಲೆ ಕಮಾನು ನನ್ನ ಪೆಟ್ಟಿಗೆ ತಿರುಗಿತು,
ನನ್ನ ತಪ್ಪಿನ ಜೊತೆಗೇ ತಿರುಗಿತು.

ಎಷ್ಟು ಹೊತ್ತೋ.
ಎರ್ಸಿಲಿಯಾ ಮರಳಿದ್ದು ಮೇಣದಬತ್ತಿಯ ಬೆಳಕಲ್ಲಿ, ಅರ್ಧ ಮುಖ.
ಅಕಾರ್ಡಿಯನ್ ತೆರೆಯಲಿಲ್ಲ, ಕಿವಿ ಹತ್ತಿರ ತಂದಳು.
"ಅದ್ಯಾರು, ರುಪೆರ್ತೋನಾ?
ಮೂರನೆಯದನ್ನು ಹಿಡಿದುಕೋ ಮಾರಾಯ, ಓಡಿಹೋಗುತ್ತಿದೆ."
ಅಷ್ಟು ಹೇಳಿ
ತನ್ನ ಗುಂಡಿ ಒತ್ತಿದಳು. ತಿದಿ ಅಗಲವಾಯಿತು,
ಬೆರಳು ಓಡಿದವು, ತುಟಿ ಏನನ್ನೋ ಗುನುಗಿತು.
ಮೂರು ವರ್ಷದಲ್ಲಿ ಮೊದಲ ಸಲ
ಅವಳು ಬಾರಿಸುವುದು ನನಗೆ ಕೇಳಿಸಲಿಲ್ಲ.

ಗೇಟಿನಲ್ಲಿ ಐಸಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.
ಹೊಡೆಯಲಿ.