ಮೆಟ್ಟಿಲಿಗೆ ನೀರು

ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದು
ಎರಡು ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ,
ಆಮೇಲೆ ಒಂದು ಬಕೆಟ್ ನೀರು ಮೆಟ್ಟಿಲಿಗೆ.
ಸಂಬಳದಲ್ಲಿ ಇದಕ್ಕೆ ಬೇರೆ ಲೆಕ್ಕವಿಲ್ಲ.
"ಧೂಳು ಕಣಪ್ಪ" ಅನ್ನುತ್ತಾರೆ ಮುರಿಗೆಪ್ಪ ಸಾವ್ಕಾರ್ರು.
ಧೂಳು ಯಾರೆಂದು ಇಬ್ಬರಿಗೂ ಗೊತ್ತು.

ಚೌಕಿಪೇಟೆಯ ಈ ಸಾಲಿನಲ್ಲಿ
ನಮ್ಮದೇ ಅಗಲ ಮೆಟ್ಟಿಲು, ಕಡಪ ಕಲ್ಲಿನದು.
ಹನ್ನೊಂದು ವರ್ಷ ಬಟ್ಟೆ ಹರಿದ ಕೈ ನನ್ನದು,
ಆಳು ನೋಡಿದರೆ ಅಳತೆ ಬರುತ್ತದೆ:
ಅವನಿಗೆ ಮಲಗಲು ಒಂದೂಮುಕ್ಕಾಲು ಮೀಟರ್,
ಮಂಡಿ ಮಡಚಿದರೆ ಒಂದೂಕಾಲು.
ಮಡಚಿಯೇ ಮಲಗುತ್ತಾನೆ.

ಹೆಸರು ಯಾರೂ ಕೇಳಿಲ್ಲ.
ಕತೆ ಮಾತ್ರ ಎಲ್ಲರ ಹತ್ತಿರ ಇದೆ.
ಗಿರಣಿ ಮುಚ್ಚಿದಾಗ ತಲೆ ಕೆಟ್ಟಿದ್ದು,
ಇದು ಪಾನಿನಂಗಡಿಯ ಖಲಂದರ್.
ಜಗಳೂರ ಕಡೆ ಹತ್ತೆಕರೆ ಐತಿ, ತಮ್ಮನ ಮೇಲೆ ಸಿಟ್ಟು,
ಇದು ಟೈಲರ್ ಗೂಳಪ್ಪ.
ಆ ಚೀಲದಾಗೆ ಏನಿಲ್ಲಂದ್ರೂ ಲಕ್ಷ ಐತಿ ನೋಡು,
ಇಂಥವರದ್ದೇ ಬಡ್ಡಿ ವ್ಯವಹಾರ,
ಇದು, ತಿಂಗಳಿಗೆ ಐದರಂತೆ ಬಡ್ಡಿಗೆ ಬಿಡುವ ಕೊಟ್ರಮ್ಮನ ಗಂಡ.
ಕೊಟ್ಟು ಕೊಟ್ಟು ನಾವೇ ಕೆಡಿಸಿದ್ದೇವೆ
ಅನ್ನುವವರು ಈ ಬೀದಿಯಲ್ಲಿ ಬಹಳ.
ಕೊಟ್ಟವರನ್ನು ನಾನು ನೋಡಿಲ್ಲ,
ಅಮಾವಾಸ್ಯೆ ಬಿಟ್ಟರೆ.

ನಾನೂ ಒಂದು ಕತೆ ಇಟ್ಟುಕೊಂಡಿದ್ದೆ:
ಇವನಿಗೆ ಚಳಿ ಆಗುವುದಿಲ್ಲ ಅಂತ.
ಬಕೆಟ್ ಹಗುರಾಗಲು ಅದು ಬೇಕಿತ್ತು.

ಡಿಸೆಂಬರಿನಲ್ಲಿ ಸೇವಾ ಸಂಘದವರು ಬಂದರು.
ಅರವತ್ತು ರಗ್ಗು, ನೂರಾ ಎಂಬತ್ತರ ಮಾಲು, ಬೂದು ಬಣ್ಣ.
ಸಾವ್ಕಾರ್ರು ತಲಾ ಹತ್ತು ರೂಪಾಯಿ ಇಳಿಸಿ
"ಪಾಪ, ರಸ್ತೆ ಮೇಲಿನ ಜೀವ" ಅಂದರು.
ಕಣ್ಣು ಒದ್ದೆಯಾಯಿತು. ನಾನೇ ನೋಡಿದೆ, ನಾಟಕವಲ್ಲ.
ಬಂಡಲ್ ಕಟ್ಟಿದವನು ನಾನು.
ಒಂಬತ್ತೂವರೆಗೆ ನೀರು ಹಾಕಿದವನೂ ನಾನು.

ಹನ್ನೊಂದಕ್ಕೆ ಅವರ ಕಾರು ನಿಂತಿತಂತೆ.
ಎಬ್ಬಿಸಿದರು, ಕೂರಿಸಿದರು, ಹೊದಿಸಿದರು,
ಫೋಟೋ ಕತ್ತಲಾಗಿ ಬಂತೆಂದು
ತೆಗೆದು ಇನ್ನೊಮ್ಮೆ ಹೊದಿಸಿದರು.
ಕಾರು ಹೋದ ಮೇಲೆ ಅವನು
ರಗ್ಗನ್ನು ಒದ್ದೆ ಕಲ್ಲಿಗೆ ಹಾಸಿದ.

ಬೆಳಗ್ಗೆ ಅದು ನೀರು ಕುಡಿದು
ಎಮ್ಮೆಗರುವಿನ ಭಾರ.
ಹಿಂಡಿ, ನಾಲ್ಕು ಮಡಿಕೆ ಮಾಡಿ
ತಂದು ಕೌಂಟರಿನ ಮೇಲಿಟ್ಟ.
ಅವನು ಒಳಗೆ ಬಂದದ್ದು ಅದೇ ಮೊದಲು.
"ನಿಮ್ಮದೇ ಮಾಲು, ಚೀಟಿ ಐತಿ ನೋಡ್ರಿ.
ಇದನ್ನ ವಾಪಸ್ ತಗಳ್ರಿ,
ಒಣಾ ಜಾಗ ಕೊಡ್ರಿ."

ಬೈಗುಳವಿರಲಿಲ್ಲ. ಸೀರೆಯ ಬಣ್ಣ
ಬದಲಿಸಲು ಬಂದ ಗಿರಾಕಿಯ ದನಿ.

ಸಾವ್ಕಾರ್ರು ಬೋರ್ಡಿನ ಕಡೆ ನೋಡಿದರು, ನಾನೂ ನೋಡಿದೆ:
ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.
ಅವನೂ ನೋಡಿದ, ತುಟಿ ಅಲ್ಲಾಡಿಸುತ್ತ ಕೊನೆವರೆಗೆ ಓದಿದ.
ಓದು ಬರುತ್ತದೆ ಅನ್ನುವುದು
ಯಾರ ಕತೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಮದುವೆ ಜವಳಿಗೆ ಹರಪನಹಳ್ಳಿಯವರು, ಹನ್ನೆರಡು ಜನ.
ರಗ್ಗು ಕೌಂಟರಿನ ಕೆಳಗೆ ಹೋಯಿತು, ಅವನು ಹೊರಗೆ.
ಹಸಿ ವಾಸನೆ ರೇಷ್ಮೆಗೆ ಹತ್ತದಿರಲೆಂದು
ಎರಡು ಊದುಬತ್ತಿ ಜಾಸ್ತಿ ಹಚ್ಚಿದೆ.

ಈಗ ಒಂಬತ್ತೂವರೆ. ಎರಡು ಬೀಗ, ಮೂರು ಸಲ.
ನಲ್ಲಿ ತಿರುಗಿಸಿಲ್ಲ.
ನೀರು ಬರಲಿಲ್ಲ ಸಾವ್ಕಾರ್ರೇ, ಅನ್ನಬಹುದು ನಾಳೆ.
ನಂಬುತ್ತಾರೆ. ಈ ಊರಲ್ಲಿ ಆ ಸುಳ್ಳಿಗೆ
ಸಾಕ್ಷಿ ಕೇಳುವವರಿಲ್ಲ.
ನಾಡಿದ್ದು ಬಕೆಟ್ ಸೋರುತ್ತದೆ ಅನ್ನಬೇಕು.
ಅದರಾಚೆಗೆ ಏನೋ ತಿಳಿಯದು,
ಐದನೇ ತಾರೀಖು ನನ್ನ ಮನೆ ಬಾಡಿಗೆಯೂ ಇದೆ.

ಒಂದು ಗಳಿಗೆ ಆ ಮೆಟ್ಟಿಲ ಮೇಲೆ ಕೂತೆ.
ಒಣಗಿಯೂ ಕಲ್ಲು ಇಷ್ಟು ತಣ್ಣಗಿರುತ್ತದೆ ಅಂತ
ಗೊತ್ತಿರಲಿಲ್ಲ.