ಹಿಡಿತ

ಏಳು ತುಂಬಿದಾಗ ಒಮ್ಮೆ ಬಂದರು,
ಹನ್ನೊಂದಕ್ಕೆ, ಹದಿನಾರಕ್ಕೆ,
ಆಮೇಲೆ ಅವರಿಗೆ ನಮ್ಮ ನೆನಪಾದಾಗಲೆಲ್ಲ.
ಆ ವರ್ಷದ ಅಕ್ಟೋಬರಿನ ಒಂದೇ ವಾರದಲ್ಲಿ
ದೇಶದ ತುಂಬ ಹುಟ್ಟಿದ ಕೂಸುಗಳನ್ನೆಲ್ಲ
ಮಣ್ಣಾಗುವತನಕ ಎಣಿಸುತ್ತ ಹೋಗುವವರು.

ಮೊದಲ ಸಲ ಬಂದಾಕೆ ಮಿಸೆಸ್ ಅಟ್ಕಿನ್.
ಗ್ರಿಮ್ಸ್‌ಬಿಯ ನಮ್ಮ ಓಣಿಯ ವಾಸನೆಗೆ
ಕರವಸ್ತ್ರ ಮೂಗಿನವರೆಗೂ ಹೋಗಿ, ನಾಚಿ, ಮಡಿಲಿಗೆ ಮರಳಿತ್ತು.
'ಮನೆಯಲ್ಲಿ ಪುಸ್ತಕ ಎಷ್ಟಿವೆ?'
ಬಾಗಿಲಿಗೆ ನೇತುಹಾಕಿದ ಬಲೆಯಿಂದ ಕಣ್ಣು ಕೀಳದೆ
'ಕಪಾಟು ತುಂಬ' ಅಂದಳು ಅಮ್ಮ.
ಆಕೆ ಬರೆದುಕೊಂಡಳು.

ಕಪಾಟು ಇದ್ದದ್ದು ನಿಜ.
ಟಾರು ಮೆತ್ತಿದ ಹುರಿಯುಂಡೆ, ಒಣಗಿದ ಬ್ರೆಡ್ಡು,
ಅಪ್ಪನ ಇನ್ನೊಂದು ಜೊತೆ ಬೂಟು,
ಮತ್ತೆ ಒಂದೇ ಒಂದು ಪುಸ್ತಕ: ಉಬ್ಬರ ಇಳಿತದ ಪಂಚಾಂಗ.
ನಾನು ಓದಲು ಕಲಿತದ್ದು ಅದರಲ್ಲಿ.
ನೀರು ಎಷ್ಟು ಗಂಟೆಗೆ ಏರುತ್ತದೆ, ಎಷ್ಟು ಅಡಿ,
ಯಾವ ರಾತ್ರಿ ಅಪ್ಪ ಬಂದಾನು.

ಶಾಲೆಗೆ ಮುಂಚೆ ಇಪ್ಪತ್ತು ಸೂಜಿಗೆ ಹುರಿ ತುಂಬಬೇಕು,
ಮರದ ಸೂಜಿ, ಗೇಣುದ್ದ.
ಹತ್ತೊಂಬತ್ತಕ್ಕೆ ನಿಂತರೆ ಅಮ್ಮನ ಕೈ ನಿಲ್ಲುತ್ತದೆ,
ಅಮ್ಮನ ಕೈ ನಿಂತರೆ ಒಲೆ.
ಮಿಸ್ ಥ್ರಾಸೆಲ್ ನನ್ನ ಬೆರಳು ನೋಡಿ 'ತೊಳೆದು ಬಾ' ಅಂದಳು.
ತೊಳೆದೇ ಬಂದಿದ್ದೆ.

ಅದೇ ವಾರ ಅದೇ ಊರಲ್ಲಿ ಹುಟ್ಟಿದವಳು ಫಿಲಿಪಾ,
ಡಾಕ್ಟರ ಮಗಳು. ಕೆಟ್ಟವಳಲ್ಲ.
ಪರೀಕ್ಷೆಯ ದಿನ ನನಗೆ ರಬ್ಬರು ಕೊಟ್ಟಳು.
ಅವಳ ಬಳಿ ಎರಡಿದ್ದವು.

ಆ ಪರೀಕ್ಷೆ! ಹನ್ನೊಂದನೇ ವಯಸ್ಸಿಗೇ
ಕಾಳು ಯಾವುದು ಜೊಳ್ಳು ಯಾವುದು ಅಂತ ಕೇರುವ ಮೊರ.
ಹಿಂದಿನ ರಾತ್ರಿಯ ಉಬ್ಬರಕ್ಕೆ ಅಪ್ಪನ ಹಡಗು ಬಂತು,
ಮೂರು ವಾರ ಐಸ್‌ಲ್ಯಾಂಡಿನ ನೀರು ಕಂಡು.
ಜೇಬು ತುಂಬ ದುಡ್ಡು, ಮೂರು ದಿನದ ದೊರೆ.
ಮನೆ ತುಂಬ ಜನ, ಅಕಾರ್ಡಿಯನ್ನು,
ಅಮ್ಮ ಕುಣಿದಳು, ನಮ್ಮಮ್ಮ,
ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ
'ಇವಳೇ ನಾಳೆ ಪರೀಕ್ಷೆ ಬರೆಯುವವಳು' ಅಂತ
ಇಡೀ ಓಣಿಗೆ ತೋರಿಸಿದ ಅಪ್ಪ.
ಮಲಗಿದಾಗ ಮೂರೂವರೆ.
ಬೆಳಗ್ಗೆ ಪ್ರಶ್ನೆಪತ್ರಿಕೆಯ ಅಕ್ಷರಗಳು ಇನ್ನೂ ಕುಣಿಯುತ್ತಿದ್ದವು.

ನಾಲ್ಕು ಅಂಕ ಕಡಿಮೆ.
ಅವಳು ಟೊಪ್ಪಿಗೆ ತೊಡುವ ಶಾಲೆಗೆ,
ನಾನು ತಡವಾಗದೆ ಮೀನು ಸೀಳುವ ಕಟ್ಟೆಗೆ.
'ಓದಿಗೆ ಮನೆಯವರ ಪ್ರೋತ್ಸಾಹ: ಬಹಳ, ಸಾಧಾರಣ, ಇಲ್ಲ'
ಯಾವುದಕ್ಕೆ ಗುರುತು ಹಾಕಿದರೋ.
ನನ್ನ ಬಾಳಿನ ಅತಿ ಸಂತೋಷದ ರಾತ್ರಿಗೆ
ಅವರ ಹಾಳೆಯಲ್ಲಿ ಚೌಕ ಇರಲಿಲ್ಲ.

ಈ ಸಲ ಬಂದವನು ಇಡ್ರಿಸ್, ಮೊಮ್ಮಗನ ವಯಸ್ಸು.
ರಕ್ತದೊತ್ತಡ, ತೂಕ, ನೆನಪಿನ ಪರೀಕ್ಷೆ.
ಹತ್ತು ಪದ ಹೇಳಿದ, ಏಳು ಮರಳಿಸಿದೆ.
ಆಮೇಲೆ ಒಂದು ಲೋಹದ ಹಿಡಿಕೆ: 'ಬಲವಾಗಿ ಹಿಸುಕಿ.'
ಹಿಸುಕಿದೆ. ಮುಳ್ಳು ಓಡಿತು.
ಕೆಟ್ಟಿತೇನೋ ಅಂತ ಅಲುಗಿಸಿ ನೋಡಿದ.
'ಇನ್ನೊಮ್ಮೆ.' ಇನ್ನೊಮ್ಮೆಯೂ ಅಷ್ಟೇ.
ಫಿಲಿಪಾಳದು ಎಷ್ಟು ಅಂತ ಕೇಳಿದೆ. ಹೇಳುವಂತಿಲ್ಲವಂತೆ.

'ಒಂದು ತಿದ್ದುಪಡಿ ಇದೆ, ಮಗ.
ಏಳನೇ ವಯಸ್ಸಿನ ಉತ್ತರ. ಪುಸ್ತಕ. ಒಂದೇ ಇತ್ತು.'
ಹಳೆಯದನ್ನು ತಿದ್ದಲು ಬರುವುದಿಲ್ಲ, ಅಂದ, ಮೆಲ್ಲಗೆ.

ಹಾಗಾದರೆ ಇರಲಿ.
ಎಲ್ಲೋ ಒಂದು ಯಂತ್ರದ ಹೊಟ್ಟೆಯಲ್ಲಿ ನಾನು
ಕಪಾಟು ತುಂಬ ಪುಸ್ತಕವಿದ್ದೂ ಸೋತವಳು,
ಅವರು ಎಳೆದ ಗೆರೆಗೆ ಕೂಡದ ಚುಕ್ಕೆ.
ಚಹಾ ಬಗ್ಗಿಸಿ ಅವನ ಮುಂದಿಟ್ಟೆ.
'ನಿನ್ನ ಮನೆಯಲ್ಲಿ ಎಷ್ಟಿದ್ದವು?'

ಅವನು ಪೆನ್ನಿಗೆ ಮುಚ್ಚಳ ಹಾಕಿದ.