ಎತ್ತಿದ್ರ ಬಲಕ್ಕ

ಗಟ್ಟಿ ಹಿಡೀಬ್ಯಾಡ, ಮಹಾನಂದಾ.
ಗಟ್ಟಿ ಹಿಡಿದವರನ್ನ ಈ ಮಷೀನು
ಸೀರಿ ಕಪಾಟಿನ ಗಾಜಿಗೆ ಒಯ್ದು ಬಡೀತದ.
ಹಿಡಿಕಿ ಒಂದು ಬೆರಳು ಎತ್ತು, ಬಲಕ್ಕ ಹೋಗ್ತದ.
ಒಂದು ಬೆರಳು ಇಳಿಸು, ಎಡಕ್ಕ.
ಅಷ್ಟ ಅದರ ಭಾಷಾ.
ಈ ಸೋಲಾಪುರದಾಗ ಮನ್ಯಾಗ ಕನ್ನಡ, ಬಾಜಾರಕ್ಕ ಮರಾಠಿ,
ಮಗ್ಗದ ಓಣ್ಯಾಗ ತೆಲುಗು ಮಾತಾಡಿ ಬೆಳದಾಕಿ ನೀ,
ನಾಕನೇದು ಕಲಿಯೂದು ಏನು ದೊಡ್ಡದು?

ಬೊಂಬಿಗೋಳಿಗೆ ಅಂಜಬ್ಯಾಡ. ಪೈಠಣಿ ಉಟ್ಕೊಂಡು ನಿಂತಾವ,
ತಲಿ ಇಲ್ಲ ಅವಕ್ಕ.
ಕೆಂಪು ಪ್ಯಾಡು ತಿಕ್ಕಾಕ, ಬಿಳೇದು ಹೊಳಪಿಗೆ,
ಅದಲಿಬದಲಿ ಆದ್ರ ಒಂದು ರಾತ್ರಿ ಹಾಳು.
ವಾಯರ್ ಹೆಗಲ ಮ್ಯಾಲ ಇರಲಿ, ಸೆರಗಿನಂಗ.
ಕೈಯಿಂದಲ್ಲ, ನಡದಿಂದ ತಿರುಗಿಸು,
ಜ್ವಾಳಾ ಹಸನ ಮಾಡೂ ಮುಂದ ಮೊರ ಹೆಂಗ ಆಡಸ್ತಿ, ಹಂಗ.
ಒಳಗಿಂದ ಬಾಗಲ ಕಡೆ ಬಾ, ಹಿಂದಹಿಂದಕ್ಕ.
ಹಸಿ ನೆಲಾ ಯಾವಾಗಲೂ ಕಣ್ಣಮುಂದ ಇರಬೇಕು,
ಬೆನ್ನಿಗಿದ್ರ ಬೀಳ್ತಿ.

ಆಸಿಡ್ ಡಬ್ಬಿ ಯಾರರೆ ಕೊಟ್ರ ಇಸಕೋಬ್ಯಾಡ.
ಒಮ್ಮಿಗೆ ಬೆಳ್ಳಗ ಆಗ್ತದ, ಖರೆ.
ಮೂರು ತಿಂಗಳಿಗೆ ಸಂದಿನ ಸಿಮೆಂಟ್ ಉದರ್ತದ.
ಸಂದು ಹೋದ ಮ್ಯಾಲ ಫರಶಿ ಎಷ್ಟು ಹೊಳದ್ರೇನು,
ಕಾಲಿಟ್ಟಲ್ಲೆಲ್ಲಾ ಕಟಕಟ ಅಂತದ.
ನನ್ನ ಹೆಬ್ಬೆರಳು ನೋಡು. ಉಗುರು ತಿರುಗಿ ಬಂದಿಲ್ಲ.
ನಾ ಕಲಿತದ್ದು ಹಂಗ.

ಈಗ ನೆಲಾ ಓದು.
ಇದು ಶಾಲೂ ಕೌಂಟರ್. ಫರಶಿ ಮಬ್ಬು, ಅಗಲಕ್ಕ,
ಮದುವಿ ಮಂದಿ ಕೂತು ಎದ್ದು ಕೂತು ಮಾಡ್ತಾರ.
ಕನ್ನಡಿ ಮುಂದ ದುಂಡಗ ಸವದದ,
ಹುಡಿಗ್ಯಾರು ತಿರುಗಿ ತಿರುಗಿ ನೋಡ್ಕೋತಾರ.
ಗಲ್ಲೆದ ಮುಂದ ಎರಡು ಗೆರಿ:
ರೊಕ್ಕಾ ಎಣಸೂ ಮುಂದ ಗಂಡಸರು
ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರಾ ಹಾಕ್ತಾರ.
ಚಿಂಗಮ್ ಕಂಡ್ರ ಕೆರೀಬ್ಯಾಡ. ಬರ್ಫ ಇಡು, ತಾನ ಬಿಡ್ತದ.

ಬಾಗಲದ ಹತ್ರ ಬಂದ್ವಿ. ಮಷೀನ್ ಬಂದ್ ಮಾಡು.

ಈ ಎರಡು ಫರಶಿ ಕೊಂಡಯ್ಯಂದು.
ಹನ್ನೊಂದು ವರ್ಷ, ದಿನಾ ಹನ್ನೆರಡು ತಾಸು
ಸಲಾಮ ಹೊಡಕೋತ ನಿಂತಾನ.
ಬುರಗುಟೆ ಸಾಹೇಬ್ರು ಚಮಕ್ ತಗೀರಿ ಅಂದ್ರು.
ಇದು ಮಾರ್ಬಲ್ ಅಲ್ರಿ ಸಾಹೇಬ್ರ,
ತಿಕ್ಕಿದಷ್ಟು ಒಳಗಿಂದ ಬೆಳಕು ಬರಾಕ;
ಇದರ ಹೊಳಪೆಲ್ಲಾ ಮ್ಯಾಲಿಂದು, ಮದುಮಗಳ ಅರಿಷಿಣದಂಗ,
ಹೋದ್ರ ಹೋತು ಅಂದೆ.
ಆದ್ರೂ ಹಚ್ಚಿದೆ. ಎರಡು ಕೋಟ್.
ಮುಂಜಾನೆ ಮೊದಲನೇ ಗಿರಾಕಿ ಬಂದ್ರು, ಕೊಂಡಯ್ಯ ಕೈ ಎತ್ತಿದಾ,
ಕಾಲು ನಿಲ್ಲಲಿಲ್ಲ.
ಎಲ್ಲಾರು ನಕ್ಕರಂತ. ಮೊದಲ ಅವನ ನಕ್ಕಾನಂತ.
ಆರು ವಾರ ಮನ್ಯಾಗ. ಪಗಾರಿಲ್ಲ.
ತಿರುಗಿ ಬಂದ ದಿನ ನನಗ ಅಂದಾ,
ಅಕ್ಕಾ, ಆವತ್ತು ನೆಲಾ ಭಾಳ ಚಂದ ಹೊಳೀತಿತ್ತು.
ಬೈದಿದ್ರ ಛಲೋ ಇತ್ತು.

ಆವಾಗಿಂದ ಇಲ್ಲಿಗೆ ಒಂದು ಗೇಣು ಇದ್ದಾಗ ನಿಲ್ಲಸ್ತೀನಿ.
ಸಾಹೇಬ್ರು ಕೇಳಿದ್ರ, ಫರಶಿದ ದೋಷ ಅದ್ರಿ ಅನ್ನು.
ಸುಳ್ಳಲ್ಲ.

ಮಾರಿ ಕಾಣ್ತದಂತ ನೋಡ್ಕೋತ ನಿಂದ್ರಬ್ಯಾಡ.
ಮಾರಿ ಹೆಂಗರೆ ಕಾಣ್ತದ. ಟ್ಯೂಬ್‌ಲೈಟ್ ನೋಡು, ನೆಲದಾಗ:
ಕೋಲಿನಂಗ ನೆಟ್ಟಗಿದ್ರ ಕೆಲಸಾ ಮುಗೀತು,
ನಡುವ ಮುರದಿದ್ರ ಅಲ್ಲೆ ಇನ್ನೊಂದು ಕೈ.
ಎಣಸು. ಹದಿನಾಕು ನೆಟ್ಟಗ ಅದಾವ.
ಹದಿನೈದನೇದು ಕೊಂಡಯ್ಯನ ಕಡೆ ಮುರೀತದ.
ಮುರೀಲಿ.

ಐದೂವರಿ ಆತು, ಹೊಟಗಿ ರೋಡಿಗೆ ಬಸ್ ಸುರು ಆಗಿರ್ತಾವ.
ವಾಯರ್ ಸುತ್ತು. ಮೊಳಕೈಗೆ ಅಲ್ಲ, ಒಳಗ ತಿರಚ್ತದ.
ನೆಲದ ಮ್ಯಾಲ. ದೊಡ್ಡ ದೊಡ್ಡ ಸುತ್ತು.